ಕೆರೆಕಟ್ಟೆಯನ್ನು ಕರೆಯುವ ಮಾಣಿ

ಯಾವ ಯಂತ್ರವನ್ನೂ ನಾನು ಹೇಳದೆ ಕೇಳದೆ ಆರಿಸುವುದಿಲ್ಲ. ಮಿಕ್ಸಿಯಾಗಲಿ, ಫ್ಯಾನಾಗಲಿ, ಸ್ವಿಚ್ಚಿನ ಮೇಲೆ ಬೆರಳಿಟ್ಟು ಒಂದು ಗಳಿಗೆ ತಡೆಯುತ್ತೇನೆ, ಆಮೇಲೆ ಒತ್ತುತ್ತೇನೆ. ಇದನ್ನು ನೋಡಿದ ಪಕ್ಕದ ಮನೆಯ ವನಜ ಒಂದು ದಿನ, "ಎಂತ ಜಲಜಕ್ಕ, ಚಟ್ನಿ ರುಬ್ಬಿದ್ದಕ್ಕೆ ಮಿಕ್ಸಿಗೆ ನಮಸ್ಕಾರ ಮಾಡ್ತೀರಾ?" ಎಂದು ಕೇಳಿದಳು. ನಾನು ಏನೋ ಹೇಳಿ ಮಾತು ಮರೆಸಿದೆ. ನಿಮ್ಮಲ್ಲೂ ಇಂಥ ಒಂದು ಚಾಳಿ ಇದ್ದೇ ಇರುತ್ತದೆ, ಬಿಡಿ. ಕೆಲವರು ಬೀಗ ಹಾಕಿದ ಮೇಲೆ ಎರಡು ಸಲ ಎಳೆದು ನೋಡುತ್ತಾರೆ. ಕೆಲವರು ಬಸ್ಸು ಹತ್ತುವ ಮೊದಲು ಚಪ್ಪಲಿ ಕೊಡವುತ್ತಾರೆ. ನನ್ನ ಚಾಳಿಯನ್ನು ನನಗೆ ಕಲಿಸಿದ್ದು ಒಂದು ಹಳೆಯ ಕಂಪ್ಯೂಟರಿನೊಳಗಿದ್ದ ಪುಟ್ಟ ಪ್ರೋಗ್ರಾಂ. ಅದಕ್ಕೆ ಹೆಸರಿಟ್ಟವಳು ನನ್ನ ಜೊತೆ ಕೆಲಸ ಮಾಡುತ್ತಿದ್ದ ಸುಲೋಚನ.

ಕೊಪ್ಪದಲ್ಲಿ ನನ್ನದೊಂದು ಪ್ರೆಸ್ ಇತ್ತು. ಸೋದರಮಾವ ನಡೆಸುತ್ತಿದ್ದದ್ದು, ಅವರಿಗೆ ಕಣ್ಣು ಮಂಜಾದ ಮೇಲೆ ನನಗೆ ಬಂತು. ನಾನು ಶಿವಮೊಗ್ಗದ ಹಾಸ್ಟೆಲಿನಲ್ಲಿ ಓದಿದವಳು. ಅಲ್ಲಿ ಏಳುವುದಕ್ಕೊಂದು ಗಂಟೆ, ಸ್ನಾನಕ್ಕೊಂದು ಗಂಟೆ, ಪ್ರಾರ್ಥನೆಗೊಂದು ಗಂಟೆ. ಹೊದಿಕೆಯ ಮೂಲೆ ನೇರವಾಗಿ ಮಡಚಿಲ್ಲವೆಂದರೆ ವಾರ್ಡನ್ ಪೂರ್ತಿ ಹಾಸಿಗೆಯನ್ನೇ ಎಳೆದು ಕೆಳಗೆ ಹಾಕುತ್ತಿದ್ದರು. ಆ ಗಂಟೆ ನನ್ನ ತಲೆಯೊಳಗೆ ಇಂದಿಗೂ ಹೊಡೆಯುತ್ತದೆ. ಪ್ರೆಸ್ಸಿನ ಬಾಗಿಲು ತೆರೆಯುವ ಹೊತ್ತಿಗೆ ಎದುರಿನ ಹೋಟೆಲಿನವರು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರಂತೆ. ನನಗೆ ಮದುವೆಯಾಗಲಿಲ್ಲ. ಆಗಿದ್ದರೆ ಆ ಮನುಷ್ಯ ಊಟಕ್ಕೂ ಗಂಟೆ ಕಾಯಬೇಕಾಗುತ್ತಿತ್ತು, ಪಾಪ, ಎಲ್ಲೋ ಒಬ್ಬ ಬಚಾವಾದ ಎಂದು ಸುಲೋಚನ ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದಳು.

ಅವಳು ನರಸಿಂಹರಾಜಪುರದವಳು. ಅವಳ ಅಪ್ಪ ಬೋರ್ಡು ಬರೆಯುವವರು. ಆ ಕಡೆಯ ಬಸ್ಸುಗಳ ಹಣೆಯ ಮೇಲಿನ ಹೆಸರು, ಅಂಗಡಿಗಳ ಫಲಕ, ಶಾಲೆಯ ಗೋಡೆ, ಎಲ್ಲದರ ಮೇಲೂ ಅವರ ಅಕ್ಷರ. ಮಗಳು ಬಣ್ಣದ ಡಬ್ಬಿ ಹಿಡಿದುಕೊಂಡು ಏಣಿಯ ಕೆಳಗೆ ನಿಂತು ಬೆಳೆದಳು. ಅಪ್ಪ ಮೇಲಿನಿಂದ, "ಕೆಳಗಿಂದ ಹೇಗೆ ಕಾಣ್ತದೆ ನೋಡು" ಎನ್ನುತ್ತಿದ್ದರಂತೆ. ಹೀಗೆ ಅವಳಿಗೆ ಅಕ್ಷರವನ್ನು ದೂರದಿಂದ ನೋಡುವ ಕಣ್ಣು ಬಂತು. ನನ್ನದು ಹತ್ತಿರದ ಕಣ್ಣು. ಸೀಸದ ಅಚ್ಚುಮೊಳೆ ಜೋಡಿಸಿ ಕಲಿತವಳು ನಾನು. ಜೋಡಿಸುವವರು ಓದುವುದಿಲ್ಲ, ಅಕ್ಷರ ನೋಡುತ್ತಾರೆ ಅಷ್ಟೆ. ಒಂದು ಇಡೀ ಪಂಚಾಂಗವನ್ನು ಜೋಡಿಸಿದ ಮೇಲೂ ಯುಗಾದಿ ಯಾವ ವಾರ ಎಂದು ಕೇಳಿದರೆ ನನಗೆ ಗೊತ್ತಿರುತ್ತಿರಲಿಲ್ಲ. ಓದುವುದು ಬೇರೆ ಕೆಲಸ, ಅದನ್ನು ಆಮೇಲೆ ಕೂತು ಬೇರೆಯಾಗಿ ಮಾಡಬೇಕು. ಸುಲೋಚನ ಪ್ರೂಫ್ ಓದುವಾಗ ಗಟ್ಟಿಯಾಗಿ ಓದುತ್ತಿದ್ದಳು. ಮದುವೆ ಕಾಗದದಲ್ಲಿ ವರನ ಹೆಸರು ಬಂದರೆ, "ಈ ಮಾಣಿ ನಂಗೆ ಗೊತ್ತು, ಸೀತೂರಿನವ, ಇವನನ್ನು ಮದುವೆ ಆಗೋ ಕೂಸಿಗೆ ಯಾರಾದ್ರೂ ಹೇಳಿದ್ದಾರಾ ಇಲ್ವಾ" ಎಂದು ನಡುವೆ ಟಿಪ್ಪಣಿ ಸೇರಿಸುತ್ತಿದ್ದಳು.

ಮೊಳೆಯ ಕಾಲ ಮುಗಿಯುತ್ತಾ ಬಂದಾಗ ನಾವೂ ಒಂದು ಕಂಪ್ಯೂಟರ್ ತಂದೆವು. ಮಂಗಳೂರಿನ ಒಂದು ಜಾಹೀರಾತು ಕಚೇರಿಯವರು ಬಳಸಿ ಬಿಟ್ಟದ್ದು. ಅದರ ಜೊತೆಗೆ ಊಟದ ಡಬ್ಬಿಯ ಗಾತ್ರದ ಒಂದು ಪೆಟ್ಟಿಗೆ ಬಂತು. ಒಳಗಿನ ಜಾಗ ಸಾಲದೆ ಹೋದವರು ಹೊರಗೆ ಇಟ್ಟುಕೊಳ್ಳುವ ಡಿಸ್ಕು ಅದು. ಈಗಿನಂತೆ ಚುಚ್ಚಿದ ಕೂಡಲೇ ತೆರೆದುಕೊಳ್ಳುವ ಜಾತಿಯದಲ್ಲ. ಅದಕ್ಕೆ ಕೈಬೆರಳಿನಷ್ಟು ದಪ್ಪದ ಕೇಬಲ್, ಅದರದ್ದೇ ಸ್ವಿಚ್ಚು, ಅದರದ್ದೇ ಶಿಸ್ತು. ಮೊದಲು ಪೆಟ್ಟಿಗೆಯ ಸ್ವಿಚ್ಚು ಹಾಕಬೇಕು. ಅದು ಗುಂಯ್ ಎಂದು ಮೇಲೇರಿ ಒಂದು ಸ್ವರಕ್ಕೆ ನಿಲ್ಲುವವರೆಗೆ ಕಾಯಬೇಕು. ಆಮೇಲೆ ಕಂಪ್ಯೂಟರ್. ಹಿಂದೆ ಮುಂದೆ ಆದರೆ ಕಂಪ್ಯೂಟರಿಗೆ ಪೆಟ್ಟಿಗೆ ಕಾಣುವುದೇ ಇಲ್ಲ, ಪಕ್ಕದಲ್ಲೇ ಇದ್ದರೂ. ಈ ಶಿಸ್ತು ನನಗೆ ಬಹಳ ಇಷ್ಟವಾಯಿತು. "ನಿಮ್ಮ ಹಾಸ್ಟೆಲಲ್ಲಿ ಓದಿದ್ದಿರಬೇಕು" ಎಂದಳು ಸುಲೋಚನ.

ಆದರೆ ಕೊಪ್ಪದ ಕರೆಂಟಿಗೆ ಯಾವ ಹಾಸ್ಟೆಲಿನ ಶಿಸ್ತೂ ಇರಲಿಲ್ಲ. ನಮ್ಮ ಯುಪಿಎಸ್ ಎರಡನ್ನೂ ಹೊರುವಷ್ಟು ಗಟ್ಟಿಯಲ್ಲ. ಕಂಪ್ಯೂಟರನ್ನು ಮಾತ್ರ ಅದಕ್ಕೆ ಕೊಟ್ಟು ಪೆಟ್ಟಿಗೆಯನ್ನು ಗೋಡೆಯ ಪ್ಲಗ್ಗಿಗೆ ಕೊಟ್ಟಿದ್ದೆವು. ಕರೆಂಟು ಹೋದಾಗಲೆಲ್ಲ ಪೆಟ್ಟಿಗೆ ಸತ್ತು, ಕಂಪ್ಯೂಟರ್ ಕಣ್ಣು ಬಿಟ್ಟುಕೊಂಡು ಕೂತಿರುತ್ತಿತ್ತು. ಕರೆಂಟು ಬಂದ ಮೇಲೆ ಎಲ್ಲವನ್ನೂ ಮುಚ್ಚಿ ಮೊದಲಿಂದ ಶುರು ಮಾಡಬೇಕಿತ್ತು. ಇದನ್ನು ಕಂಡು ಮರುಕಪಟ್ಟ ಮಂಗಳೂರಿನ ಇಂಜಿನಿಯರೊಬ್ಬರು ಒಂದು ಫ್ಲಾಪಿಯಲ್ಲಿ ಆ ಪುಟ್ಟ ಪ್ರೋಗ್ರಾಂ ಕೊಟ್ಟು ಹೋದರು. ತೆರೆದರೆ ಅಂಗೈಯಗಲದ ಒಂದು ಕಿಟಕಿ. ಅದರಲ್ಲಿ ಒಂದರ ಕೆಳಗೊಂದು ಸಾಲು, ಸಾಲಿಗೊಂದು ಸಂಖ್ಯೆ, ಸಂಖ್ಯೆಯ ಎದುರಿಗೆ ಆ ಜಾಗದಲ್ಲಿರುವ ಡಿಸ್ಕಿನ ಹೆಸರು. ಕೆಳಗೆ ಎರಡು ಗುಂಡಿ. ಒಂದನ್ನು ಒತ್ತಿದರೆ ಕೇಬಲಿನುದ್ದಕ್ಕೂ ಹೋಗಿ ಯಾರಿದ್ದೀರಿ ಎಂದು ಕೇಳಿ, ಇದ್ದವರನ್ನು ಕರೆದುಕೊಂಡು ಬರುತ್ತದೆ. ಇನ್ನೊಂದನ್ನು ಒತ್ತಿದರೆ ಒಳಗಿನ ಕೆಲಸವನ್ನೆಲ್ಲ ಮುಗಿಸಿ, ಡಿಸ್ಕನ್ನು ಸರಿಯಾಗಿ ಕಳಿಸಿಕೊಡುತ್ತದೆ. ಆಮೇಲೆ ಆರಿಸಿದರೆ ಅಪಾಯವಿಲ್ಲ. ಅದು ಮಾಡುತ್ತಿದ್ದದ್ದು ಇಷ್ಟೇ.

ಹೋಟೆಲಿನಲ್ಲಿ ತಿಂಡಿ ತಂದುಕೊಡುವವನ ಹಾಗೆ ಕರೆದಾಗ ಬಂದು, ಹೇಳಿದ್ದನ್ನು ತಂದು, ಮಾತಿಲ್ಲದೆ ನಿಲ್ಲುತ್ತಿದ್ದುದರಿಂದ ಅದು ಮಾಣಿಯಾಯಿತು. ಪೆಟ್ಟಿಗೆಯ ಹೆಸರು ಕೆರೆಕಟ್ಟೆ. ಶೃಂಗೇರಿಯಿಂದ ಆಚೆ ಕಾಡಂಚಿನ ಆ ಊರಿಗೆ ಸುಲೋಚನಳ ಅಕ್ಕನನ್ನು ಕೊಟ್ಟಿತ್ತು. ಅಲ್ಲಿಗೆ ಹೋಗುವ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಮ್ಮ ಪೆಟ್ಟಿಗೆಯೂ ಅಂಥದ್ದೇ ಎಂದು ಅವಳು ಹೆಸರು ಕೊಟ್ಟೇಬಿಟ್ಟಳು. ಕರೆಂಟು ಬಂದ ಕೂಡಲೇ ನಾನು ಒಳಗಿನಿಂದ, ಕೆರೆಕಟ್ಟೆ ಬಂತಾ ಎಂದು ಕೇಳುವುದು, ಅವಳು, ಮಾಣಿ ಹೋಗಿದ್ದಾನೆ, ಕರ್ಕೊಂಡು ಬರ್ತಾನೆ ಎನ್ನುವುದು. ಪ್ರೂಫಿಗೆಂದು ಬೆಂಚಿನ ಮೇಲೆ ಕೂತಿದ್ದ ಯಜಮಾನರೊಬ್ಬರು ಈ ಮಾತು ಕೇಳಿ ಕೊಡೆ ಎತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದ್ದೂ ಉಂಟು.

ಆ ಕಂಪ್ಯೂಟರಿನಲ್ಲಿದ್ದ ಕನ್ನಡ ಅಕ್ಷರ ಸುಲೋಚನಳಿಗೆ ಹಿಡಿಸಲಿಲ್ಲ. ಒತ್ತಕ್ಷರಗಳು ಕಾಲು ಮುರಿದುಕೊಂಡು ಜೋತಾಡುತ್ತವೆ, ತಲೆಕಟ್ಟು ಟೋಪಿ ಇಟ್ಟ ಹಾಗೆ ಕಾಣುತ್ತದೆ ಎನ್ನುತ್ತಿದ್ದಳು. ಅಪ್ಪ ಬಸ್ಸಿನ ಹಣೆಯ ಮೇಲೆ ಬರೆಯುತ್ತಿದ್ದ ಅಕ್ಷರಗಳನ್ನು ನೆನಪಿನಿಂದ ಕಾಗದದ ಮೇಲೆ ಇಳಿಸಿದಳು. ಅದನ್ನು ಸಣ್ಣದು ಮಾಡಿದರೆ ಹೇಗೆ, ತೆಳ್ಳಗೆ ಮಾಡಿದರೆ ಹೇಗೆ ಎಂದು ಕೆಲಸ ಮುಗಿದ ಮೇಲೆ ಸಂಜೆಗಳಲ್ಲಿ ಪರದೆಯ ಎದುರು ಕೂತು ತಿದ್ದಿದಳು. ಎರಡು ಮಳೆಗಾಲ ಕಳೆಯಿತು. ಒಂದೊಂದೇ ಅಕ್ಷರ ಕೆರೆಕಟ್ಟೆಯೊಳಗೆ ಹೋಗಿ ಕೂತಿತು. ಕಂಪ್ಯೂಟರಿನ ಒಳಗಿನ ಡಿಸ್ಕು ಒಮ್ಮೆ ಕೈಕೊಟ್ಟು ಬದಲಾಯಿಸಿದ ಮೇಲೆ ಅವಳು ಅದನ್ನು ನಂಬುತ್ತಿರಲಿಲ್ಲ. ಮಳೆಗಾಲದಲ್ಲಿ ಪೆಟ್ಟಿಗೆಗೆ ಬೂಸಲು ಬರಬಾರದೆಂದು ಕಪಾಟಿನೊಳಗೆ ಒಂದು ಬಲ್ಬು ಉರಿಸಿ, ಅದರ ಪಕ್ಕ ಮಲಗಿಸುತ್ತಿದ್ದಳು. ಬಾಣಂತಿ ಕೋಣೆಯ ಹಾಗಿರುತ್ತಿತ್ತು ಆ ಕಪಾಟು. ಅವಳ ಅಕ್ಷರದಲ್ಲಿ ಮೊದಲ ಮದುವೆ ಕಾಗದ ಅಚ್ಚಾದಾಗ ಶೃಂಗೇರಿಯಿಂದ ಬಂದ ಪುರೋಹಿತರೊಬ್ಬರು ಬಹಳ ಹೊತ್ತು ನೋಡಿ, "ಇದು ಬರೆದದ್ದೋ, ಅಚ್ಚು ಮಾಡಿದ್ದೋ?" ಎಂದು ಕೇಳಿದರು. ಅವಳು ಆ ಇಡೀ ದಿನ ಯಾರೊಡನೆಯೂ ಜಗಳವಾಡಲಿಲ್ಲ.

ಹೇಳಬೇಕಾದ ಇನ್ನೊಂದು ಸಂಗತಿಯಿದೆ. ನಮ್ಮಲ್ಲಿ ಸಾವಿನ ಕಾಗದವನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ವೈಕುಂಠ ಸಮಾರಾಧನೆಗೆ ಕರೆದ ಕಾಗದ ಬಂದರೆ ಓದಬೇಕು, ಓದಿದ ಕೂಡಲೇ ಹರಿದು ಹಾಕಬೇಕು. ಅದಕ್ಕೇ ಎಲ್ಲ ಪ್ರೆಸ್ಸಿನವರೂ ಆ ಕೆಲಸವನ್ನು ಬೇಗ ಬೇಗ ಮುಗಿಸುತ್ತಾರೆ. ಹರಿಯುವ ಕಾಗದಕ್ಕೆ ಎಷ್ಟು ಅಂದ ಮಾಡುವುದು? ಸುಲೋಚನ ಮಾತ್ರ ಎಲ್ಲಕ್ಕಿಂತ ಹೆಚ್ಚು ಹೊತ್ತು ಅದರ ಎದುರಿಗೇ ಕೂರುತ್ತಿದ್ದಳು. ನಾನು ಗಡಿಯಾರ ತೋರಿಸಿ ಗದರಿದಾಗ ಅವಳು ತಲೆಯೆತ್ತದೆ ಹೇಳಿದ ಮಾತು ನನ್ನ ಕಿವಿಯಲ್ಲಿದೆ.

"ಮದುವೆ ಕಾಗದ ಯಾರು ಓದ್ತಾರೆ ಮಾರಾಯ್ರೆ? ದಿನ ನೋಡಿ ಮೂಲೆಗೆ ಸಿಕ್ಕಿಸ್ತಾರೆ. ಇದನ್ನು ಕೂತು ಪೂರ್ತಿ ಓದ್ತಾರೆ. ಒಂದೇ ಸಲ ಓದುವುದು ಚಂದ ಇರಬೇಕು."

ನಾನು ಅವಳಿಗಿಂತ ದೊಡ್ಡವಳು. ಹಾಗಾಗಿ ನನ್ನ ಸಾವಿನ ಕಾಗದ ಹೇಗಿರಬೇಕೆಂದು ಅವಳು ಆಗಲೇ ತೀರ್ಮಾನಿಸಿದ್ದಳು. ಸುತ್ತಲೂ ಒಂದೇ ಅಳತೆಯ ಅಂಚು, ಎಲ್ಲ ಸಾಲೂ ನೇರ, ಬರುವವರಿಗೆ ಹೊತ್ತು ಸರಿಯಾಗಿ ನಮೂದಿಸಬೇಕು, ಇಲ್ಲದಿದ್ದರೆ ಜಲಜಕ್ಕ ಎದ್ದು ಬಂದು ಪ್ರೂಫ್ ತಿದ್ದುತ್ತಾರೆ ಎನ್ನುವುದು ಅವಳ ತಮಾಷೆ. ಅವಳದ್ದು ಯಾರು ಮಾಡಬೇಕು ಎಂಬ ಮಾತು ನಮ್ಮ ನಡುವೆ ಬರಲೇ ಇಲ್ಲ. ಬರುವ ಕಾರಣವೂ ಇರಲಿಲ್ಲ.

ಪ್ರೆಸ್ಸು ಮುಚ್ಚಿ ವರ್ಷಗಳಾದವು. ಹೊಸ ಕಂಪ್ಯೂಟರುಗಳಿಗೆ ನಮ್ಮ ಪೆಟ್ಟಿಗೆಯ ಕೇಬಲೂ ಹೊಂದಲಿಲ್ಲ, ಅವಳ ಅಕ್ಷರವೂ ಹೊಂದಲಿಲ್ಲ. ಎಲ್ಲವನ್ನೂ ಬಟ್ಟೆ ಮುಚ್ಚಿ ನನ್ನ ಮನೆಯ ಮುಂದಿನ ಕೋಣೆಯಲ್ಲಿ ಇಟ್ಟುಕೊಂಡೆ. ಅವಳು ನರಸಿಂಹರಾಜಪುರದ ತಮ್ಮ ಶ್ರೀಧರನ ಮನೆಯಲ್ಲಿದ್ದಳು. ಮಳೆ ಶುರುವಾಗುವ ಮುಂಚೆ ಪ್ರತಿವರ್ಷ ಕೊಪ್ಪಕ್ಕೆ ಬಂದು, ಬಲ್ಬು ಹಾಕಿದ್ದೀರಾ ಎಂದು ಕಪಾಟು ತೆರೆದು ನೋಡಿ, ಪೆಟ್ಟಿಗೆಯನ್ನು ಒಮ್ಮೆ ಓಡಿಸಿ, ಮಾಣಿಗೆ ಹೇಳಿ ಕಳಿಸಿಕೊಟ್ಟು, ಕಾಫಿ ಕುಡಿದು ಹೋಗುತ್ತಿದ್ದಳು. ಮಂಗಳೂರಿನಲ್ಲಿ ಯಾರೋ ಹಳೆಯ ಅಕ್ಷರಗಳನ್ನು ಹೊಸದಕ್ಕೆ ಬದಲಾಯಿಸಿಕೊಡುತ್ತಾರಂತೆ, ಒಯ್ಯೋಣ ಎಂದು ಪ್ರತಿಸಲವೂ ಮಾತಾಗುತ್ತಿತ್ತು. ಈ ವರ್ಷ ಅವಳು ಬರಲಿಲ್ಲ. ಒಂದು ಬೆಳಿಗ್ಗೆ ಸ್ನಾನ ಮಾಡಿ ಕೂದಲು ಒರೆಸಿಕೊಳ್ಳುತ್ತಿದ್ದವಳು ಹಾಗೇ ಕುಸಿದು ಕೂತಳಂತೆ, ಮತ್ತೆ ಏಳಲಿಲ್ಲವಂತೆ. ಶ್ರೀಧರ ಫೋನು ಮಾಡಿ ಹೇಳಿದ್ದು ಇಷ್ಟು.

ಹೋದೆ, ನೋಡಿದೆ. ಸಾವಿನ ಮನೆಯಿಂದ ಹೊರಡುವಾಗ ಹೋಗಿ ಬರುತ್ತೇನೆ ಎನ್ನಬಾರದಲ್ಲ, ಸುಮ್ಮನೆ ಎದ್ದು ಮೆಟ್ಟಿಲು ಇಳಿದೆ. ಅವಳೂ ಏನೂ ಹೇಳದೆಯೇ ಹೋದವಳು.

ಮಾರನೆಯ ದಿನ ಶ್ರೀಧರ ಫೋನಿನಲ್ಲಿ ಕಾಗದದ ವಿಷಯ ಎತ್ತಿದ. ಈಗ ಎಲ್ಲರೂ ಫೋಟೋ ಹಾಕಿ ಮೊಬೈಲಿನಲ್ಲೇ ಕಳಿಸುತ್ತಾರೆ, ಐದು ನಿಮಿಷದ ಕೆಲಸ ಎಂದ. ನಾನು, ಕಾಗದ ನಾನು ಮಾಡಿಕೊಡುತ್ತೇನೆ, ಅವಳ ಅಕ್ಷರದಲ್ಲೇ ಆಗಬೇಕು ಎಂದೆ.

"ಎಂತಕ್ಕೆ ಅಕ್ಕ ಅಷ್ಟು ಕಷ್ಟ? ಕೊನೆಗೆ ಹರಿದು ಹಾಕುವುದಲ್ವಾ?"

ಅದಕ್ಕೇ, ಎಂದೆ. ಅವನಿಗೆ ಅರ್ಥವಾಯಿತೋ ಇಲ್ಲವೋ, ನಾಳಿದ್ದಿನೊಳಗೆ ಕೊಟ್ಟರೆ ದೂರದವರಿಗೂ ತಲುಪಿಸಬಹುದು ಎಂದು ಒಪ್ಪಿಕೊಂಡ.

ಬಟ್ಟೆ ಸರಿಸಿದೆ. ಬಲ್ಬಿನ ಪಕ್ಕ ಬೆಚ್ಚಗೆ ಇಟ್ಟಿದ್ದ ಪೆಟ್ಟಿಗೆಯನ್ನು ತಂದು, ಕೇಬಲಿನ ಹಲ್ಲುಗಳನ್ನು ಒರೆಸಿ ಸಿಕ್ಕಿಸಿದೆ. ಸ್ವಿಚ್ಚು ಹಾಕಿದರೆ ದೀಪ ಹತ್ತಿತು, ಸದ್ದಿಲ್ಲ. ಒಳಗೆ ಏನೋ ಟಿಕ್ ಎಂದು ಸುಮ್ಮನಾಯಿತು. ಕಂಪ್ಯೂಟರ್ ಮಾತ್ರ ಎದ್ದಿತು. ಅದರೊಳಗಿನ ಗಡಿಯಾರದ ಬ್ಯಾಟರಿ ಸತ್ತು ಬಹಳ ಕಾಲವಾಗಿದೆ. ಎದ್ದಾಗಲೆಲ್ಲ ಅದು ನಾವಿಬ್ಬರೂ ಹುಟ್ಟುವುದಕ್ಕೂ ಹಿಂದಿನ ಯಾವುದೋ ವರ್ಷವನ್ನು ತೋರಿಸುತ್ತದೆ. ಆ ಲೆಕ್ಕದಲ್ಲಿ ಅವಳಿಗೆ ಇನ್ನೂ ಏನೂ ಆಗಿಲ್ಲ. ಮಾಣಿಯನ್ನು ತೆರೆದು ಗುಂಡಿ ಒತ್ತಿದೆ. ಅವನು ಕೇಬಲಿನುದ್ದಕ್ಕೂ ಹೋಗಿ ಕೇಳಿಕೊಂಡು ಬಂದ. ಕೆರೆಕಟ್ಟೆ ಇರಬೇಕಾದ ಸಾಲು ಖಾಲಿ. ಮತ್ತೆ ಕಳಿಸಿದೆ. ಮತ್ತೆ ಖಾಲಿ. ಮಾಣಿಗೆ ಬೇಸರವೆಂಬುದಿಲ್ಲ, ಎಷ್ಟು ಸಲ ಕಳಿಸಿದರೂ ಹೋಗುತ್ತಾನೆ.

ಪೆಟ್ಟಿಗೆ ಹೀಗೆ ಮುಷ್ಕರ ಹೂಡಿದಾಗ ಸುಲೋಚನ ಒಂದು ಉಪಾಯ ಮಾಡುತ್ತಿದ್ದಳು. ಎರಡೂ ಅಂಗೈಯ ನಡುವೆ ಅದನ್ನು ಹಿಡಿದು, ಬಿಗಿಯಾದ ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆಯುವವಳ ಹಾಗೆ ಮಣಿಕಟ್ಟಿನಿಂದ ಒಮ್ಮೆ ಚಕ್ಕನೆ ತಿರುಗಿಸುವುದು. ಒಳಗೆ ಅಂಟಿಕೊಂಡದ್ದು ಬಿಡುತ್ತದಂತೆ. ನಾನು ಯಾವತ್ತೂ ಮಾಡಿದವಳಲ್ಲ, ಯಂತ್ರವನ್ನು ಹೀಗೆಲ್ಲ ಅಲ್ಲಾಡಿಸುವುದು ಅಶಿಸ್ತು ಎಂದು ಬೈಯುತ್ತಿದ್ದೆ. ಈಗ ಹಿಡಿದೆ. ಬೆಚ್ಚಗಿತ್ತು. ತಿರುಗಿಸಿದೆ. ಏನೂ ಇಲ್ಲ. ಇನ್ನೊಮ್ಮೆ, ಅವಳ ಮಣಿಕಟ್ಟು ಹೇಗೆ ಹೋಗುತ್ತಿತ್ತೆಂದು ನೆನೆಸಿಕೊಂಡು ತಿರುಗಿಸಿದೆ. ಅಂಗೈಯೊಳಗೆ ಸಣ್ಣಗೆ ಒಂದು ನಡುಕ ಶುರುವಾಗಿ ಮೇಲೇರಿ ಆ ಹಳೆಯ ಸ್ವರಕ್ಕೆ ಬಂದು ನಿಂತಿತು. ಪೆಟ್ಟಿಗೆಯನ್ನು ಮೆಲ್ಲನೆ ಕೆಳಗಿಟ್ಟು ಮಾಣಿಯನ್ನು ಕಳಿಸಿದೆ. ಖಾಲಿ ಸಾಲಿನಲ್ಲಿ ಕೆರೆಕಟ್ಟೆಯ ಹೆಸರು ಮೂಡಿತು. ಬಂತು ಎಂದು ಗಟ್ಟಿಯಾಗಿ ಹೇಳಿದೆ. ಕೋಣೆಯಲ್ಲಿ ಕೇಳುವವರು ಯಾರೂ ಇರಲಿಲ್ಲ.

ಶ್ರೀಧರ ಬರೆದು ಕಳಿಸಿದ್ದನ್ನು ಎದುರಿಗಿಟ್ಟುಕೊಂಡು ಜೋಡಿಸಿದೆ. ಅವಳ ಹೆಸರು ಅವಳ ಅಕ್ಷರದಲ್ಲಿ ಒಂದೊಂದಾಗಿ ಬಂದು ಕೂತಿತು. ನಾನು ಓದಲಿಲ್ಲ. ಅಂಚು ಎಲ್ಲ ಕಡೆ ಸಮ ಇದೆಯೇ, ಸಾಲು ನೇರ ಇದೆಯೇ, ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತಿಲ್ಲವೇ, ಇಷ್ಟನ್ನೇ ನೋಡಿದೆ. ಹಳೆಯ ಪ್ರಿಂಟರಿನ ಮಸಿಪುಡಿಯ ಡಬ್ಬಿಯನ್ನು ಹತ್ತಾರು ಸಲ ಕುಲುಕಿ ಹಾಕಿದ ಮೇಲೆ ಮಸುಕು ಮಸುಕಾಗಿ ಕೆಲವು ಹಾಳೆ ಬಂದು, ಕೊನೆಗೊಂದು ಹಾಳೆ ಕಪ್ಪಗೆ, ಚೊಕ್ಕವಾಗಿ ಬಂತು. ಒಂದು ಹಾಳೆ ಸಾಕು. ಉಳಿದದ್ದನ್ನು ಪೇಟೆಯ ಝೆರಾಕ್ಸ್ ಅಂಗಡಿಯಲ್ಲಿ ಮಾಡಿಸಬಹುದು.

ಇನ್ನು ಆರಿಸಬೇಕು. ಮಾಣಿಯ ಕಿಟಕಿ ತೆರೆದೇ ಇತ್ತು. ಕೆರೆಕಟ್ಟೆಯ ಸಾಲನ್ನು ಗುರುತು ಮಾಡಿ ಎರಡನೆಯ ಗುಂಡಿಯ ಮೇಲೆ ಬಾಣ ತಂದಿಟ್ಟೆ. ಕಳಿಸಿಕೊಡುವುದು, ಸದ್ದು ಇಳಿಯುವವರೆಗೆ ಕಾಯುವುದು, ಸ್ವಿಚ್ಚು ಆರಿಸುವುದು. ಇಷ್ಟು ವರ್ಷಗಳಲ್ಲಿ ಒಂದು ಸಲವೂ ನಾನು ಈ ಕ್ರಮ ತಪ್ಪಿದವಳಲ್ಲ. ಆದರೆ ಇನ್ನೊಮ್ಮೆ ಇದು ಏಳುವುದಿಲ್ಲ ಎಂದು ನನ್ನ ಅಂಗೈಗೆ ಗೊತ್ತಾಗಿತ್ತು. ಬೆರಳು ಒತ್ತಲಿಲ್ಲ. ಸ್ವಲ್ಪ ಹೊತ್ತು ಓಡಲಿ ಎಂದು ಬಿಟ್ಟು ಅಡುಗೆಮನೆಗೆ ಹೋದೆ. ಅನ್ನಕ್ಕಿಟ್ಟೆ. ಮುಂದಿನ ಕೋಣೆಯಿಂದ ಆ ಗುಂಯ್‌ಗುಟ್ಟುವಿಕೆ ಕೇಳುತ್ತಲೇ ಇತ್ತು, ಪ್ರೆಸ್ಸಿನಲ್ಲಿ ಅವಳು ಕೆಲಸ ಮಾಡುತ್ತಿದ್ದಾಗ ಕೇಳುತ್ತಿದ್ದ ಹಾಗೆಯೇ. ಊಟಕ್ಕೂ ಅದನ್ನು ಕೇಳಿಕೊಂಡೇ ಕೂತೆ. ಹೊತ್ತು ಮೀರಿತ್ತು. ತಲೆಯೊಳಗಿನ ಗಂಟೆ ಹೊಡೆಯಲಿಲ್ಲ.

ಮಧ್ಯಾಹ್ನ ಕಳೆದು ಬಲ್ಬು ಎರಡು ಸಲ ಕಣ್ಣು ಮಿಟುಕಿಸಿತು. ಕರೆಂಟು ಹೋಗುವ ಸೂಚನೆ ಅದು. ಆಗೆಲ್ಲ ಸುಲೋಚನ ಕೂತಲ್ಲಿಂದಲೇ ಮಾಣಿಗೆ ಹೇಳಿ ಪೆಟ್ಟಿಗೆಯನ್ನು ಕಳಿಸಿಬಿಡುತ್ತಿದ್ದಳು. ನಾನು ಎದ್ದು ಕೋಣೆಯ ಬಾಗಿಲಿಗೆ ಬರುವಷ್ಟರಲ್ಲಿ ಪರದೆ ಕಪ್ಪಾಯಿತು. ಯುಪಿಎಸ್ ಎಂದೋ ಸತ್ತಿತ್ತು. ಪೆಟ್ಟಿಗೆಯ ಸದ್ದು ಮಾತ್ರ ಕೂಡಲೇ ನಿಲ್ಲಲಿಲ್ಲ. ಇಳಿಯುತ್ತಾ ಇಳಿಯುತ್ತಾ, ಬಾಗಿಲಲ್ಲಿ ನಿಂತ ನನಗೆ ಈಗ ನಿಂತಿತು, ಈಗ ನಿಂತಿತು ಎನ್ನಿಸುತ್ತಾ, ಯಾವಾಗ ನಿಂತಿತೆಂದು ತಿಳಿಯದ ಹಾಗೆ ನಿಂತಿತು.

ಸಂಜೆ ಕರೆಂಟು ಬಂದ ಮೇಲೆ ಎಲ್ಲವನ್ನೂ ಕ್ರಮವಾಗಿ ಮಾಡಿದೆ. ಬೆಚ್ಚಗೆ ಮಾಡಿದೆ, ತಿರುಗಿಸಿದೆ, ಮಾಣಿಯನ್ನು ಕಳಿಸಿದೆ. ಅವನು ಹೋಗಿ ಬಂದ. ಸಾಲು ಖಾಲಿ. ಈಗಲೂ ಕೆಲವು ದಿನ ಬೆಳಿಗ್ಗೆ ಕಳಿಸುತ್ತೇನೆ. ಹೋಗುತ್ತಾನೆ, ಬರುತ್ತಾನೆ.

ಕಾಗದಗಳನ್ನು ನಾನೇ ನರಸಿಂಹರಾಜಪುರಕ್ಕೆ ಒಯ್ದು ಕೊಟ್ಟೆ. ಶ್ರೀಧರ ಒಂದನ್ನು ಕೈಗೆ ತೆಗೆದುಕೊಂಡು ನಿಂತಲ್ಲೇ ಓದಲು ಶುರು ಮಾಡಿದ. ಅರ್ಧಕ್ಕೆ ಬಂದವನು ಜಗುಲಿಯ ಮೇಲೆ ಕೂತ.

"ಅಪ್ಪನ ಬೋರ್ಡಿನ ಅಕ್ಷರ ಇದು" ಎಂದ.

ಮೊದಲಿನಿಂದ ಕೊನೆಯವರೆಗೆ ಓದಿದ. ಆಮೇಲೆ ಎದ್ದು ಅಂಗಳಕ್ಕೆ ಹೋಗಿ, ಮಾಡಬೇಕಾದಂತೆ, ಹರಿದ. ಕೆರೆಕಟ್ಟೆಯ ಅಕ್ಕ ಓದಿ ಹರಿದಳಂತೆ. ಕಡಹಿನಬೈಲಿನ ನೆಂಟರು, ನಮ್ಮ ಹಳೆಯ ಗಿರಾಕಿಗಳು, ವನಜ ಕೂಡ, ಎಲ್ಲರೂ ಓದಿದರು, ಹರಿದರು. ಯಾರಿಗೆ ತಲುಪಬೇಕೋ ಅವರಿಗೆಲ್ಲ ತಲುಪಿತು, ಸಮಾರಾಧನೆ ಕ್ರಮವಾಗಿ ನಡೆಯಿತು. ಸುಲೋಚನ ಹೇಳಿದ ಹಾಗೆ ಅದನ್ನು ಒಂದೇ ಸಲ ಓದಲಾಯಿತು. ಚಂದವಾಗಿತ್ತು ಎಂದು ಕೆಲವರು ನನ್ನ ಹತ್ತಿರ ಹೇಳಿದರು.

ನನ್ನ ಪಾಲಿಗೂ ಒಂದು ಕಾಗದ ಬಂದಿದೆ. ಮೇಜಿನ ಖಾನೆಯಲ್ಲಿದೆ. ಸಾವಿನ ಕಾಗದವನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು, ನನಗೆ ಗೊತ್ತು. ನಿಯಮ ಮುರಿಯುವವಳಲ್ಲ ನಾನು. ಓದಿದ ಕೂಡಲೇ ಹರಿಯಬೇಕು. ಜೋಡಿಸುವಾಗ ನೋಡಿದ್ದು ಓದಿದ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಕೂತು ಓದುತ್ತಿದ್ದೇನೆ, ನಿಧಾನಕ್ಕೆ, ಅವಳ ಹಾಗೆ ಗಟ್ಟಿಯಾಗಿ. ಅವಳ ಹೆಸರಿನ ಸಾಲಿನವರೆಗೆ ಬಂದಿದ್ದೇನೆ. ಅಲ್ಲಿಂದ ಕೆಳಗೆ ಇನ್ನೂ ಓದಿಲ್ಲ.